ಬಟ್ಟೆ ಒಗೆಯುವುದು, ನೀರು, ಕರೆಂಟು: ಮೈಸೂರು–ಮಂಡ್ಯದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಬಟ್ಟೆ ಒಗೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು. ಹೊಸ ಸಾಮಾನು ಕೊಳ್ಳಿ ಅನ್ನುವ ಸಲಹೆ ಇಲ್ಲಿ ಕಡಿಮೆ. ಮನೆಯಲ್ಲಿ ಇರುವುದನ್ನೇ ಬೇರೆ ಥರ ಬಳಸಿ ಅನ್ನುವುದೇ ಜಾಸ್ತಿ.

ಪರಿಸರಕ್ಕೆ ಒಳ್ಳೆಯದಾಗುವ ಹಾಗೆ ಬಟ್ಟೆ ಒಗೆಯಬೇಕು. ಯಾವುದರಿಂದ ಶುರು ಮಾಡಲಿ?

ಕಮ್ಮಿ ಒಗೆಯುವುದರಿಂದ. ತಮಾಷೆ ಅಲ್ಲ. ಬೆವರಿದ ಅಂಗಿ, ಒಳಬಟ್ಟೆ, ಮಕ್ಕಳ ಯೂನಿಫಾರ್ಮ್ ದಿನಾ ಒಗೆಯಲೇಬೇಕು, ಸರಿ. ಆದರೆ ಒಂದು ಗಂಟೆ ಉಟ್ಟು ಬಿಚ್ಚಿಟ್ಟ ಸೀರೆ, ಜೀನ್ಸ್ ಪ್ಯಾಂಟು, ಸ್ವೆಟರ್, ಹೊದಿಕೆ ಇವೆಲ್ಲ ಪ್ರತಿ ಸಲ ಮೆಷಿನ್‌ಗೆ ಹೋಗಬೇಕಾಗಿಲ್ಲ. ಗಾಳಿ ಆಡುವ ಕಡೆ ಒಂದು ರಾತ್ರಿ ಹರವಿದರೆ ಸಾಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಇದು ಇನ್ನೂ ಸುಲಭ. ಕುರ್ಚಿಯ ಮೇಲೆ ಬಿದ್ದಿರುವುದನ್ನೆಲ್ಲ ಬಾಚಿ ಮೆಷಿನ್‌ಗೆ ತುಂಬುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಡಚುವ ಕಷ್ಟ ತಪ್ಪುತ್ತೆ ಅಂತ ಒಗೆಯುವುದು, ಅಷ್ಟೆ.

ಇನ್ನೊಂದು ಮಾತು. ಕೆಆರ್‌ಎಸ್‌ನಲ್ಲಿ ನೀರು ಎಷ್ಟು ಅಡಿ ಅಂತ ನಾವೆಲ್ಲ ಬೆಳಿಗ್ಗೆ ಎದ್ದು ಪೇಪರ್‌ನಲ್ಲಿ ನೋಡುತ್ತೇವೆ. 124.80 ಅಡಿ ಮುಟ್ಟಿದರೆ ಖುಷಿ, ಇಳಿದರೆ ಚಿಂತೆ. ಅದೇ ನೀರು ಬಟ್ಟೆ ಜಾಲಿಸುವಾಗ ಬಕೆಟ್ ತುಂಬಿ ಚೆಲ್ಲುತ್ತಿದ್ದರೆ ಯಾರೂ ಎದ್ದು ನಲ್ಲಿ ನಿಲ್ಲಿಸುವುದಿಲ್ಲ!

ಹೊಸ ಮೆಷಿನ್ ತಗೋಬೇಕು. ಟಾಪ್ ಲೋಡಾ, ಫ್ರಂಟ್ ಲೋಡಾ, ಸೆಮಿನಾ?

ನೀರಿನ ಲೆಕ್ಕಕ್ಕೆ ಫ್ರಂಟ್ ಲೋಡ್ ಗೆಲ್ಲುತ್ತದೆ. ಒಂದು ಸಲ ಒಗೆಯಲು ಸಾಮಾನ್ಯವಾಗಿ 50ರಿಂದ 70 ಲೀಟರ್ ನೀರು ಬೇಕು. ಪೂರ್ತಿ ಆಟೊಮ್ಯಾಟಿಕ್ ಟಾಪ್ ಲೋಡ್ 100 ಲೀಟರ್ ದಾಟುವುದು ಮಾಮೂಲು. ಕಾರಣ ಸರಳ. ಟಾಪ್ ಲೋಡ್‌ನಲ್ಲಿ ಬಟ್ಟೆ ನೀರಿನಲ್ಲಿ ಮುಳುಗಿ ತೇಲಬೇಕು. ಫ್ರಂಟ್ ಲೋಡ್‌ನಲ್ಲಿ ಡ್ರಮ್ಮು ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬಡಿಯುತ್ತದೆ, ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. ಬಟ್ಟೆ ಸವೆಯುವುದೂ ಕಡಿಮೆ.

ಹಾಗಂತ ಎಲ್ಲರಿಗೂ ಅದೇ ಸರಿ ಅಂತ ನಾನು ಹೇಳುವುದಿಲ್ಲ. ಫ್ರಂಟ್ ಲೋಡ್‌ಗೆ ನಲ್ಲಿಯಲ್ಲಿ ಒಳ್ಳೆಯ ಪ್ರೆಶರ್ ಇರಬೇಕು, ಕರೆಂಟು ಹೋಗಿ ಬಂದು ಮಾಡುವ ಕಡೆ ಅದರ ಒಗೆಯುವ ಕಾರ್ಯಕ್ರಮ (ಪ್ರೋಗ್ರಾಮ್) ಉದ್ದವಾಗುತ್ತದೆ, ರಿಪೇರಿ ಖರ್ಚೂ ಜಾಸ್ತಿ. ಮಂಡ್ಯ, ಮದ್ದೂರು, ಪಾಂಡವಪುರದ ಹಳ್ಳಿಗಳಲ್ಲಿ ಸೆಮಿ ಆಟೊಮ್ಯಾಟಿಕ್ ಮೆಷಿನ್ನೇ ಓಡುತ್ತಿದೆ, ಅದಕ್ಕೆ ಅರ್ಥ ಇದೆ. ನೀರು ಎಷ್ಟು ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಮೊದಲು ಬಿಳಿ ಬಟ್ಟೆ, ಅದೇ ಸೋಪು ನೀರಿನಲ್ಲಿ ಬಣ್ಣದ ಬಟ್ಟೆ, ಕೊನೆಗೆ ಹೊಲಕ್ಕೆ ಹಾಕುವ ಬಟ್ಟೆ, ಕಾಲೊರೆಸು. ಹೀಗೆ ಒಂದೇ ನೀರಿನಲ್ಲಿ ಮೂರು ಸುತ್ತು ತೆಗೆಯುವ ಅಮ್ಮಂದಿರ ಮುಂದೆ ಯಾವ ಸ್ಮಾರ್ಟ್ ಮೆಷಿನ್ನೂ ನಿಲ್ಲಲ್ಲ.

ಈಗಿರುವ ಮೆಷಿನ್ ಚೆನ್ನಾಗಿದ್ದರೆ ಹಸಿರು ಜೀವನ ಅಂತ ಹೇಳಿ ಅದನ್ನು ಬದಲಾಯಿಸಬೇಡಿ. ಕೆಟ್ಟ ಮೇಲೆ ನೋಡಿ. ಆಗ ಕರೆಂಟು ಎಷ್ಟು ಉಳಿಸುತ್ತದೆ ಅಂತ ತೋರಿಸುವ ಸ್ಟಾರ್ ಲೇಬಲ್ ನೋಡಿ, ಮನೆಮಂದಿಗೆ ತಕ್ಕ ಅಳತೆ ತಗೊಳ್ಳಿ. ಇಬ್ಬರೇ ಇರುವ ಮನೆಗೆ 9 ಕೆಜಿ ಮೆಷಿನ್ ತಂದರೆ ಅದು ಯಾವಾಗಲೂ ಅರ್ಧ ಖಾಲಿ ತಿರುಗುತ್ತದೆ.

ಬಿಸಿ ನೀರಿನಲ್ಲಿ ಒಗೆದರೆ ತಾನೇ ಕೊಳೆ ಹೋಗೋದು?

ದಿನನಿತ್ಯದ ಬಟ್ಟೆಗೆ ಬೇಕಾಗಿಲ್ಲ. ಬಿಸಿ ನೀರಿನ ಮೆಷಿನ್‌ನಲ್ಲಿ ಕರೆಂಟು ತಿನ್ನುವುದು ಡ್ರಮ್ ತಿರುಗಿಸುವ ಮೋಟರ್ ಅಲ್ಲ, ನೀರು ಕಾಯಿಸುವ ಹೀಟರ್. ಲೆಕ್ಕ ಹಾಕಿ ನೋಡಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. 40 ಡಿಗ್ರಿಗೆ ನಿಲ್ಲಿಸಿದರೆ ಸುಮಾರು 0.26 ಯೂನಿಟ್. ತಣ್ಣೀರಾದರೆ ಈ ಖರ್ಚೇ ಇಲ್ಲ. ನಮ್ಮ ಕಡೆ ತೊಟ್ಟಿಯ ನೀರು ಯುರೋಪಿನ ಹಾಗೆ ಕೊರೆಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನೀರೇ ಬೆಚ್ಚಗಿರುತ್ತದೆ, ಪುಕ್ಕಟೆ.

ಈಗಿನ ಪುಡಿ, ಲಿಕ್ವಿಡ್‌ಗಳಲ್ಲಿ ಕಿಣ್ವಗಳಿರುತ್ತವೆ. ಒಂದು ಬೆವರು, ರಕ್ತ, ಹಾಲಿನ ಕಲೆ ಕರಗಿಸುತ್ತದೆ, ಇನ್ನೊಂದು ಗಂಜಿ, ಸಾರಿನ ಕಲೆ, ಮತ್ತೊಂದು ಎಣ್ಣೆ ಜಿಡ್ಡು. ಇವಕ್ಕೆ ಬೇಕಾದದ್ದು ಶಾಖಕ್ಕಿಂತ ಸಮಯ. ಅರ್ಧ ಗಂಟೆ ನೆನೆಹಾಕಿದರೆ ಕೆಲಸ ಮುಗಿಯಿತು. ಕಾಯಿಲೆ ಬಿದ್ದವರ ಹಾಸಿಗೆ ಬಟ್ಟೆ, ಕೂಸಿನ ಲಂಗೋಟಿ, ಜಿಡ್ಡುಗಟ್ಟಿದ ಅಡುಗೆಮನೆ ಬಟ್ಟೆಗೆ ಬಿಸಿ ನೀರು ಬಳಸಿ, ಅದರಲ್ಲಿ ತಪ್ಪಿಲ್ಲ.

ಇಕೋ ಮೋಡ್ ಹಾಕಿದರೆ ಮೂರು ಗಂಟೆ ಓಡುತ್ತೆ. ಅದು ಹೇಗೆ ಉಳಿತಾಯ?

ನೀರು ಕಮ್ಮಿ ಕಾಯಿಸುತ್ತದೆ, ಆ ಕೊರತೆಯನ್ನು ನಿಧಾನವಾಗಿ ಜಾಸ್ತಿ ಹೊತ್ತು ತಿರುಗಿಸಿ ತುಂಬಿಕೊಳ್ಳುತ್ತದೆ. ಮೋಟರ್ ತಿರುಗಲು ಬೇಕಾದ ಕರೆಂಟು ಹೀಟರ್‌ಗೆ ಹೋಲಿಸಿದರೆ ತೀರಾ ಕಮ್ಮಿ. ಹಾಗಾಗಿ ಹೊತ್ತು ಜಾಸ್ತಿ ಆದರೂ ಯೂನಿಟ್ ಕಮ್ಮಿ.

ನಮ್ಮ ಲೇಔಟ್‌ನಲ್ಲಿ ಬೋರ್ ನೀರು. ನೊರೆನೇ ಬರಲ್ಲ, ಬಿಳಿ ಬಟ್ಟೆ ಮಂಕಾಗುತ್ತೆ. ಏನು ಮಾಡೋದು?

ಮೈಸೂರಿನ ಹೊರವಲಯದ ಹೊಸ ಬಡಾವಣೆಗಳಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂಟಿಕೊಪ್ಪಲಿನಲ್ಲೋ ಸರಸ್ವತಿಪುರಂನಲ್ಲೋ ಕಾವೇರಿ ನೀರಿನಲ್ಲಿ ಒಗೆದು ಅಭ್ಯಾಸವಾದವರು ಸ್ವಂತ ಮನೆ ಕಟ್ಟಿ ರಿಂಗ್ ರೋಡ್ ಆಚೆ ಹೋದ ತಕ್ಷಣ ಸೋಪಿನ ಖರ್ಚು ಏರಿತು ಅಂತ ಗೊಣಗುತ್ತಾರೆ. ಸೋಪಿನದ್ದಲ್ಲ ತಪ್ಪು, ನೀರಿನದ್ದು.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಾರ್ ಸೋಪು ಇವುಗಳ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕೆನೆ ಥರ ಕಟ್ಟಿಕೊಳ್ಳುವುದು ಅದೇ. ಆ ಗಸಿ ಬಟ್ಟೆಯ ನೂಲಿನ ಒಳಗೆ ಕೂತು ಟವೆಲ್ಲನ್ನು ಒರಟು ಮಾಡುತ್ತದೆ, ಬಿಳಿಯನ್ನು ಬೂದು ಮಾಡುತ್ತದೆ. ಜನ ಆಗ ಏನು ಮಾಡುತ್ತಾರೆ? ಇನ್ನೂ ಎರಡು ಹಿಡಿ ಪುಡಿ ಹಾಕುತ್ತಾರೆ. ಅದನ್ನು ಜಾಲಿಸಲು ಇನ್ನೂ ಎರಡು ಬಕೆಟ್ ನೀರು.

ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಅಂಗಡಿಯವರು ತೋರಿಸುವ ಟಿಡಿಎಸ್ ಮೀಟರ್ ಸಾಲದು. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಸೇರಿಸಿ ಹೇಳುತ್ತದೆ. ನಮಗೆ ಬೇಕಾದದ್ದು ಗಡಸುತನದ ಅಂಕಿ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನುವುದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. 200ರ ಸುತ್ತ ಇದ್ದರೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಬಳಸಿದರೆ ಸಾಕು, ಅದು ಗಸಿ ಕಟ್ಟುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಒಂದು ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಮೊದಲೇ ಕದಡಿ, ಐದು ನಿಮಿಷ ಬಿಟ್ಟು, ಆಮೇಲೆ ಪುಡಿ ಹಾಕಿ. ಸೋಡಾ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೆಳಗೆ ಇಳಿಸುತ್ತದೆ, ಪುಡಿಗೆ ಕೊಳೆ ತೆಗೆಯುವ ಕೆಲಸವಷ್ಟೇ ಉಳಿಯುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಬೇಡ.

ಇಡೀ ಮನೆಗೆ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆಗಾಗ ಉಪ್ಪು ಹಾಕಿ ತೊಳೆಯಬೇಕು, ಆ ಉಪ್ಪು ನೀರು ಚರಂಡಿಗೆ. ಆ ನೀರನ್ನಾಗಲಿ, ಸಾಫ್ಟ್‌ನರ್ ದಾಟಿ ಬಂದ ನೀರನ್ನಾಗಲಿ ಗಿಡಕ್ಕೆ ಹಾಕುವ ಹಾಗಿಲ್ಲ. ನೀರು ಮೆದುವಾಗುತ್ತದೆ ಅಂತ ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ಗಳ ಬಗ್ಗೆ ನನಗೆ ನಂಬಿಕೆ ಇಲ್ಲ.

ಎಲ್ಲಕ್ಕಿಂತ ಮೆದು ನೀರು ಮಳೆ ನೀರು. 1000 ಚದರ ಅಡಿಯ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಮೊದಲ ಕೊಳೆ ನೀರು ಬಿಟ್ಟು, ಅಲ್ಲಿ ಇಲ್ಲಿ ಹೋದದ್ದು ಕಳೆದರೂ 700 ಲೀಟರ್ ಸಿಗುತ್ತದೆ. ಫ್ರಂಟ್ ಲೋಡ್‌ನಲ್ಲಿ ಹತ್ತು ಸಲ ಒಗೆಯಬಹುದು, ಅದೂ ಅರ್ಧ ಪುಡಿಯಲ್ಲಿ. ಬೋರ್ ನೀರಿನ ಬಡಾವಣೆಯಲ್ಲಿ ಮನೆ ಕಟ್ಟುವವರು ಮಾಡ್ಯುಲರ್ ಕಿಚನ್‌ಗೆ ಮುಂಚೆ ಒಂದು ಮಳೆ ನೀರಿನ ಸಂಪ್ ಕಟ್ಟಿಸಿದರೆ ಜಾಣತನ.

ಆರ್‌ಒ ಮೆಷಿನ್‌ನಿಂದ ಹೊರಗೆ ಹೋಗುವ ನೀರಲ್ಲಿ ಬಟ್ಟೆ ಒಗೆಯಬಹುದಾ?

ಅದು ಮೊದಲಿದ್ದ ನೀರಿಗಿಂತ ಗಡಸು. ನೆಲ ಒರೆಸಿ, ಟಾಯ್ಲೆಟ್‌ಗೆ ಸುರಿಯಿರಿ. ಬಟ್ಟೆಗೆ ಬೇಡ. ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಆರ್‌ಒ ಬೇಕಾ ಅನ್ನುವುದನ್ನೇ ಮೊದಲು ಯೋಚಿಸಿ.

ಅಂಟುವಾಳಕಾಯಿ ಹಾಕಿ ಮೆಷಿನ್‌ನಲ್ಲಿ ಒಗೆಯಬಹುದು ಅಂತಾರೆ. ನಿಜಾನಾ?

ಒಗೆಯಬಹುದು, ಆದರೆ ಪವಾಡ ಆಗಲ್ಲ. ಅಂಟುವಾಳದ ಸಿಪ್ಪೆಯಲ್ಲಿ ನೊರೆ ಬರಿಸುವ ಸಪೋನಿನ್ ಇದೆ. ಅದರ ದೊಡ್ಡ ಗುಣ ಅಂದರೆ ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ, ಬಣ್ಣ ಎಳೆಯುವುದಿಲ್ಲ. ಆದ್ದರಿಂದಲೇ ನಮ್ಮ ಅಜ್ಜಿಯಂದಿರು ರೇಷ್ಮೆ ಸೀರೆಗೆ, ಒಡವೆಗೆ ಅದನ್ನು ಬಳಸುತ್ತಿದ್ದರು. ಮಂಡಿಯಿಂದ ಬಂದವರ ಕಾಲರ್ ಕೊಳೆ, ಗದ್ದೆಯ ಕೆಸರು, ಗ್ಯಾರೇಜಿನ ಗ್ರೀಸು ಇವಕ್ಕೆ ಅದರ ಶಕ್ತಿ ಸಾಲದು.

ಬೀಜ ತೆಗೆದ ಎಂಟು ಹತ್ತು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಜೇನಿನ ಬಣ್ಣದ ರಸ ಬರುತ್ತದೆ, ಸ್ವಲ್ಪ ಹುಳಿ ವಾಸನೆ. ಎರಡು ಮೂರು ದಿನಕ್ಕೆ ಕೆಡುತ್ತದೆ, ಫ್ರಿಜ್‌ನಲ್ಲಿಟ್ಟರೆ ಒಂದು ವಾರ. ಬಿಳಿ ಬಟ್ಟೆಗೆ ಹಾಕಿದರೆ ನಿಧಾನವಾಗಿ ಕೆನೆ ಬಣ್ಣ ತಿರುಗುತ್ತದೆ, ಹಾಗಾಗಿ ಬಣ್ಣದ ಬಟ್ಟೆಗೆ ಇಟ್ಟುಕೊಳ್ಳಿ. ಸಿಪ್ಪೆಯನ್ನು ಹಾಗೇ ಮೆಷಿನ್‌ಗೆ ಹಾಕಿದರೆ ಚೂರು ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಬಿದ್ದರೆ ಭಯಂಕರ ಉರಿ, ಮಕ್ಕಳ ಕೈಗೆ ಕೊಡಬೇಡಿ.

ಪುಡಿ ಎಷ್ಟು ಹಾಕಬೇಕು?

ಈಗ ಹಾಕುತ್ತಿರುವುದರಲ್ಲಿ ಮೂರರಲ್ಲಿ ಎರಡು ಭಾಗ ಹಾಕಿ ನೋಡಿ. ಬಟ್ಟೆ ಅಷ್ಟೇ ಚೊಕ್ಕ ಆದರೆ ಇನ್ನೂ ಇಳಿಸಿ. ನೊರೆಗೂ ಶುಚಿಗೂ ನೇರ ಸಂಬಂಧ ಇಲ್ಲ. ಒಗೆದು ಒಣಗಿದ ಟವೆಲ್ಲನ್ನು ಬರೀ ನೀರಲ್ಲಿ ಅದ್ದಿ ಹಿಂಡಿ. ನೊರೆ ಬಂದರೆ ನೀವು ಪುಡಿ ಜಾಸ್ತಿ ಹಾಕುತ್ತಿದ್ದೀರಿ.

"ಇಕೋ ಫ್ರೆಂಡ್ಲಿ" ಅಂತ ಬರೆದಿರುವ ಪುಡಿಗಳನ್ನು ನಂಬಬಹುದಾ?

ಹಸಿರು ಎಲೆಯ ಚಿತ್ರ ಯಾರು ಬೇಕಾದರೂ ಹಾಕಬಹುದು. ಸರ್ಕಾರದ ಇಕೋಮಾರ್ಕ್ ಅನ್ನುವ ಗುರುತು 1991ರಿಂದ ಇದೆ, ಮಣ್ಣಿನ ಮಡಕೆಯ ಚಿಹ್ನೆ. 2024ರಲ್ಲಿ ಅದಕ್ಕೆ ಹೊಸ ನಿಯಮಗಳೂ ಬಂದಿವೆ. ಅಂಗಡಿಯಲ್ಲಿ ಆ ಮಡಕೆ ಕಾಣುವುದು ಅಪರೂಪ. ಹಾಗಾಗಿ ಪ್ಯಾಕೆಟ್ಟಿನ ಹಿಂದೆ ಓದಿ. ಫಾಸ್ಫೇಟ್ ಇಲ್ಲ ಅಂತ ಇದೆಯಾ? ಫಾಸ್ಫೇಟ್ ಕೆರೆಗೆ ಸೇರಿದರೆ ಪಾಚಿಗೂ ಕಳೆಗೂ ಗೊಬ್ಬರ. ಮೈಸೂರಿನ ಒಳಚರಂಡಿ ನೀರು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಶುದ್ಧೀಕರಣ ಘಟಕಗಳಿಗೆ ಹೋಗಬೇಕು. ಆದರೆ ಎಲ್ಲ ಮನೆಯ ಎಲ್ಲ ನೀರೂ ಅಲ್ಲಿಗೇ ತಲುಪುತ್ತದೆ ಅಂದುಕೊಳ್ಳಬೇಡಿ. ಮಳೆ ನೀರಿನ ಚರಂಡಿಗೆ ಮೆಷಿನ್ ಪೈಪ್ ಬಿಟ್ಟಿರುವ ಮನೆಗಳು ಎಷ್ಟೋ ಇವೆ. ಆ ನೀರು ಸೀದಾ ಕೆರೆಗೆ. ನಿಮ್ಮ ಮೆಷಿನ್ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಹೊರಗೆ ಹೋಗಿ ನೋಡಿ. ದುಬಾರಿ ಹಸಿರು ಪುಡಿ ತರುವುದಕ್ಕಿಂತ ಆ ಪೈಪನ್ನು ಸರಿಯಾದ ಒಳಚರಂಡಿಗೆ ಸೇರಿಸುವುದು ಹೆಚ್ಚು ಉಪಯೋಗ.

ಇನ್ನು ಬಿಳುಪು ಹೊಳಪಿನ ವಿಷಯ. ಬಹಳ ಪುಡಿಗಳಲ್ಲಿ ಹೊಳೆಯುವ ರಾಸಾಯನಿಕ ಇರುತ್ತದೆ. ಅದು ಕೊಳೆ ತೆಗೆಯುವುದಿಲ್ಲ. ಬಟ್ಟೆಗೆ ಅಂಟಿಕೊಂಡು ಬಿಸಿಲಿನಲ್ಲಿ ನೀಲಿ ಮಿಂಚು ಕೊಡುತ್ತದೆ, ಕಣ್ಣಿಗೆ ಬಿಳಿ ಅನ್ನಿಸುತ್ತದೆ.

ಅಡುಗೆ ಸೋಡಾ, ವಿನೆಗರ್ ಸೇರಿಸಿ ಒಗೆದರೆ ಒಳ್ಳೆಯದಂತೆ?

ಬೇರೆ ಬೇರೆ ಬಳಸಿ. ಸೇರಿಸಿದರೆ ಬುಸ್ ಅಂತ ಉಕ್ಕುತ್ತದೆ, ವಿಡಿಯೋದಲ್ಲಿ ಚೆಂದ ಕಾಣುತ್ತದೆ. ಆದರೆ ಒಂದು ಕ್ಷಾರ, ಒಂದು ಹುಳಿ. ಎರಡೂ ಒಂದನ್ನೊಂದು ಕೊಂದುಕೊಂಡು ಉಪ್ಪು ನೀರು ಉಳಿಯುತ್ತದೆ.

ಅದಕ್ಕಿಂತ ಮುಖ್ಯ: ಬ್ಲೀಚ್ ಜೊತೆ ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಟಾಯ್ಲೆಟ್ ಆಸಿಡ್ ಯಾವುದನ್ನೂ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಕಲೆಗಳಿಗೆ ಮನೆಮದ್ದು ಹೇಳಿ. ಅರಿಶಿನ ಅಂತೂ ಹೋಗೋದೇ ಇಲ್ಲ.

ಅರಿಶಿನದ ಕಲೆಗೆ ಸೋಪು ಹಚ್ಚಿದ ತಕ್ಷಣ ಅದು ರಕ್ತದ ಹಾಗೆ ಕೆಂಪಾಗುತ್ತದೆ, ನೋಡಿದ್ದೀರಲ್ಲ? ಹೆದರಬೇಡಿ. ಅರಿಶಿನದ ಬಣ್ಣ ಕ್ಷಾರಕ್ಕೆ ಕೆಂಪು, ಹುಳಿಗೆ ಹಳದಿ. ಜಾಲಿಸಿದ ಮೇಲೆ ಮತ್ತೆ ಹಳದಿಗೆ ಬರುತ್ತದೆ. ಉಜ್ಜಿ ಉಜ್ಜಿ ಬಟ್ಟೆ ಹರಿಯಬೇಡಿ. ಒಂದು ಸಲ ಸೋಪಿನಲ್ಲಿ ಒಗೆದು, ಒದ್ದೆ ಇರುವಾಗಲೇ ಕಲೆ ಮೇಲೆ ಬರುವ ಹಾಗೆ ನೇರ ಬಿಸಿಲಿಗೆ ಹರವಿ. ಅರಿಶಿನಕ್ಕೆ ಬಿಸಿಲು ಆಗುವುದಿಲ್ಲ. ಎರಡು ಮೂರು ಬಿಸಿಲಿಗೆ ಬಿಳಿ ಪಂಚೆ ಮೇಲಿನ ಸಾರಿನ ಕಲೆ ಮಾಯ. ಮಾರ್ಚ್ ತಿಂಗಳ ಮೈಸೂರು ಬಿಸಿಲಾದರೆ ಒಂದೇ ಮಧ್ಯಾಹ್ನ ಸಾಕು.

ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಸಾಂಪ್ರದಾಯಿಕ ಕುಂಕುಮಕ್ಕೂ ಇದೇ ಸೂತ್ರ. ಒಂದು ಹನಿ ನಿಂಬೆರಸ ಬಿಟ್ಟರೆ ಕೆಂಪು ಹಳದಿಯಾಗುತ್ತದೆ, ಆಮೇಲೆ ಬಿಸಿಲು. ಹಳದಿಯಾಗದಿದ್ದರೆ ಅದು ಕೃತಕ ಬಣ್ಣ, ಬೇಗ ತಣ್ಣೀರಲ್ಲಿ ತೊಳೆದು ಡಿಟರ್ಜೆಂಟ್ ಹಾಕಿ.

ಎಲೆ ಅಡಿಕೆಯ ಕಲೆ ಹಸಿ ಇರುವಾಗಲೇ ಹುಳಿ ಮೊಸರೋ ನಿಂಬೆರಸವೋ ಹಚ್ಚಿ ಅರ್ಧ ಗಂಟೆ ಬಿಡಿ. ಒಣಗಿದ ಮೇಲೆ ಕಷ್ಟ. ಮೈಸೂರು ಪಾಕಿನ ತುಪ್ಪ ಬಿದ್ದರೆ ಮೇಲೆ ಕಡಲೆಹಿಟ್ಟು ಉದುರಿಸಿ, ಜಿಡ್ಡು ಹೀರಿಕೊಂಡ ಮೇಲೆ ಕೊಡವಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಉಜ್ಜಿ. ಕಬ್ಬಿನ ಹಾಲು, ಬೆಲ್ಲದ ಪಾಕ ಬರೀ ತಣ್ಣೀರಿಗೇ ಹೋಗುತ್ತದೆ, ಒಣಗಿ ಇಸ್ತ್ರಿ ಬಿದ್ದರೆ ಕಂದು ಕಲೆ ನಿಲ್ಲುತ್ತದೆ. ರಕ್ತಕ್ಕೆ ತಣ್ಣೀರು, ಬಿಸಿ ನೀರು ಖಂಡಿತ ಬೇಡ. ಬೋರ್ ನೀರಿನ ಕಬ್ಬಿಣದ ಕಲೆಗೆ ನಿಂಬೆರಸ, ಉಪ್ಪು, ಬಿಸಿಲು. ಬ್ಲೀಚ್ ಹಾಕಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಸೈಕಲ್ ಚೈನಿನ ಗ್ರೀಸಿಗೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು.

ಬಾಳೆ ಕರೆ? ಅದು ಹೋಗಲ್ಲ. ಆ ಅಂಗಿಯನ್ನು ತೋಟಕ್ಕೆ ಇಟ್ಟುಬಿಡಿ.

ಮೈಸೂರು ಸಿಲ್ಕ್ ಸೀರೆ ಮನೆಯಲ್ಲಿ ಒಗೆಯಬಹುದಾ? ಪ್ರತಿ ಸಲ ಡ್ರೈ ವಾಶ್‌ಗೆ ಕೊಟ್ಟು ಸಾಕಾಗಿದೆ.

ಪ್ರತಿ ಸಲ ಕೊಡುವುದೂ ಬೇಡ, ಮನೆಯಲ್ಲಿ ಒಗೆಯುವುದೂ ಬೇಡ. ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ 1912ರಿಂದ ನೇಯುತ್ತಿರುವ ಸೀರೆ ಅದು. ಅಪ್ಪಟ ರೇಷ್ಮೆ, ಜರಿಯಲ್ಲಿ ಬೆಳ್ಳಿ, ಚಿನ್ನ. ಮದುವೆಗೆ ಉಟ್ಟು ಬಂದ ಮೇಲೆ ನೆರಳಿನಲ್ಲಿ ಒಂದು ಇಡೀ ದಿನ ಗಾಳಿಗೆ ಹಾಕಿ, ಬೆವರು ಆರಲಿ. ಹಳೆಯ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ ಇಡಿ. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಮಡಿಸಿದ ಗೆರೆಯಲ್ಲೇ ಸೀಳುತ್ತದೆ. ಸೆಂಟನ್ನು ಸೀರೆ ಉಡುವ ಮುಂಚೆ ಮೈಗೆ ಹಾಕಿಕೊಳ್ಳಿ, ಜರಿ ಮೇಲೆ ಬಿದ್ದರೆ ಕಪ್ಪಾಗುತ್ತದೆ. ಹೀಗೆ ನೋಡಿಕೊಂಡರೆ ಡ್ರೈ ವಾಶ್ ಅಪರೂಪಕ್ಕೆ ಸಾಕು.

ಡ್ರೈ ವಾಶ್ ಅಂದರೆ ನೀರಿನ ಬದಲು ರಾಸಾಯನಿಕ ದ್ರಾವಕದಲ್ಲಿ ತೊಳೆಯುವುದು. ಮನೆಗೆ ತಂದ ತಕ್ಷಣ ಪ್ಲಾಸ್ಟಿಕ್ ಕವರ್ ತೆಗೆದು ಗಾಳಿಗೆ ಹಾಕಿ, ವಾಸನೆ ಹೋದ ಮೇಲೆ ಬೀರುವಿಗೆ ಸೇರಿಸಿ.

ಜರಿ ಇಲ್ಲದ ಸಾದಾ ರೇಷ್ಮೆಯನ್ನು ಅಂಟುವಾಳದ ರಸದಲ್ಲಿ ತಣ್ಣೀರಲ್ಲಿ ಅದ್ದಿ ತೆಗೆಯಬಹುದು. ಮೂಲೆಯಲ್ಲಿ ಮೊದಲು ಬಣ್ಣ ಬಿಡುತ್ತದಾ ನೋಡಿ. ಕಿಣ್ವ ಇರುವ ಪುಡಿ ಮಾತ್ರ ತಾಗಿಸಬೇಡಿ. ರೇಷ್ಮೆಯೂ ಪ್ರೋಟೀನೇ, ಬೆವರಿನ ಕಲೆ ತಿನ್ನುವ ಕಿಣ್ವ ಸೀರೆಯನ್ನೂ ತಿನ್ನುತ್ತದೆ.

ಬಟ್ಟೆ ಒಗೆದ ನೀರನ್ನು ಗಿಡಕ್ಕೆ ಹಾಕಬಹುದಾ?

ಸೋಪು ನೀರು ಬೇರೆ, ಜಾಲಿಸಿದ ನೀರು ಬೇರೆ. ಮೊದಲ ಸೋಪು ನೀರನ್ನು ಅಂಗಳ ತೊಳೆಯಲು, ಟಾಯ್ಲೆಟ್‌ಗೆ ಬಳಸಿ. ಕೊನೆಯ ಸಲ ಜಾಲಿಸಿದ ನೀರನ್ನು ತೆಂಗು, ಬಾಳೆ, ದಾಸವಾಳದ ಬುಡಕ್ಕೆ ಬಿಡಿ. ಕೊತ್ತಂಬರಿ, ಪುದೀನ, ಟೊಮೇಟೊ ಥರ ಹಸಿ ತಿನ್ನುವ ಗಿಡಕ್ಕೆ ಬೇಡ. ಬ್ಲೀಚ್ ಹಾಕಿದ ದಿನ, ಕೂಸಿನ ಲಂಗೋಟಿ ಒಗೆದ ದಿನ ಯಾವ ಗಿಡಕ್ಕೂ ಬೇಡ. ಡ್ರಮ್‌ನಲ್ಲಿ ತುಂಬಿಟ್ಟು ನಾಳೆ ಹಾಕೋಣ ಅಂದರೆ ಗಬ್ಬು ವಾಸನೆ, ಸೊಳ್ಳೆ. ಅವತ್ತಿನದು ಅವತ್ತೇ.

ತೊಂದರೆ ಇರುವುದು ಸೋಡಿಯಂನಲ್ಲಿ. ಪುಡಿಗಳಲ್ಲಿ ಅದು ಜಾಸ್ತಿ, ಲಿಕ್ವಿಡ್‌ನಲ್ಲಿ ಕಮ್ಮಿ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಿಟ್ಟರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಮಂಡ್ಯ ಕಡೆಯ ನಾಲೆ ಬಯಲಿನ ರೈತರಿಗೆ ಚೌಳು ಮಣ್ಣಿನ ಕಷ್ಟ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಜಾಗ ಬದಲಾಯಿಸುತ್ತಿರಿ. ಜಾಗ ಇದ್ದವರು ಒಂದು ಗುಂಡಿ ತೋಡಿ, ಜಲ್ಲಿ, ಮರಳು ತುಂಬಿ, ಸುತ್ತ ಬಾಳೆ, ಕೆಸು ನೆಟ್ಟು ಮೆಷಿನ್ ಪೈಪನ್ನು ಅದಕ್ಕೆ ಬಿಡಬಹುದು.

ನಾವು ನಾಲೆಯಲ್ಲೇ ಒಗೆಯೋದು. ಹರಿಯೋ ನೀರಲ್ವಾ, ಏನಾಗುತ್ತೆ?

ಹರಿಯುವ ನೀರು ಕೆಳಗಿನ ಊರಿಗೆ ಹೋಗುತ್ತದೆ. ಅಲ್ಲಿ ದನ ಕುಡಿಯುತ್ತದೆ, ಮಕ್ಕಳು ಈಜುತ್ತಾರೆ. ಹಾಗಂತ ನಾಲೆಗೆ ಹೋಗಬೇಡಿ ಅಂತ ಹೇಳಲು ನಾನು ಯಾರು? ಮನೆಯಲ್ಲಿ ನೀರು ಸಾಲದವರು ಇನ್ನೆಲ್ಲಿಗೆ ಹೋಗಬೇಕು. ಸೋಪು ಹಚ್ಚುವುದು, ಕುಕ್ಕುವುದನ್ನು ಮೆಟ್ಟಿಲಿನಿಂದ ಸ್ವಲ್ಪ ಮೇಲೆ, ಮಣ್ಣಿನ ಮೇಲೆ ಮಾಡಿ. ಮೊದಲ ಸೋಪು ನೀರನ್ನು ಬಕೆಟ್‌ನಲ್ಲೇ ಹಿಂಡಿ ಮಣ್ಣಿಗೆ ಚೆಲ್ಲಿ. ಜಾಲಿಸಲು ಮಾತ್ರ ನಾಲೆಗೆ ಇಳಿಯಿರಿ. ಶಾಂಪೂ ಪ್ಯಾಕೆಟ್, ಸೋಪಿನ ಕವರ್ ಅಲ್ಲೇ ಬಿಸಾಡಬೇಡಿ, ತೂಬಿಗೆ ಸಿಕ್ಕಿಕೊಳ್ಳುವುದು ಅವೇ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಸೆಳೆತ ಜೋರು, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಒಬ್ಬರೇ ಹೋಗಬೇಡಿ.

ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಮೇಲೆ ಕರಿ ಬೀಳುತ್ತೆ. ಒಗೆದರೂ ಹೋಗಲ್ಲ.

ಆಲೆಮನೆ ಹತ್ತಿರ, ಕಬ್ಬಿನ ತರಗಿಗೆ ಬೆಂಕಿ ಹಾಕುವ ಕಾಲದಲ್ಲಿ ಇದು ಮಾಮೂಲು. ನೀರು ಹಾಕಬೇಡಿ, ಉಜ್ಜಬೇಡಿ. ಒಣಗಿದ ಮೇಲೆ ಜೋರಾಗಿ ಕೊಡವಿ, ಮೆತ್ತಗಿನ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ. ಆಮೇಲೆ ಒಗೆಯಿರಿ. ತರಗು ಸುಡದೆ ಹೊಲದಲ್ಲೇ ಮುಚ್ಚಿಗೆ ಮಾಡಿದರೆ ಬಟ್ಟೆಗೂ ಒಳ್ಳೆಯದು, ಮಣ್ಣಿಗೂ.

ಮಳೆಗಾಲಕ್ಕೆ ಡ್ರೈಯರ್ ತಗೋಬೇಕಾ?

ಮಡಿಕೇರಿಯಲ್ಲಿದ್ದರೆ ಯೋಚಿಸೋಣ. ಮೈಸೂರಿನಲ್ಲಿ ದಿನವಿಡೀ ಬಿಡದೆ ಸುರಿಯುವ ಮಳೆ ಕಮ್ಮಿ. ಹೀಟರ್ ಇರುವ ಡ್ರೈಯರ್ ಒಂದು ಸಲಕ್ಕೆ ಎರಡು ಮೂರು ಯೂನಿಟ್ ತಿನ್ನುತ್ತದೆ. ಒಳಗಿನ ಬಿಸಿಯನ್ನೇ ಮತ್ತೆ ಬಳಸುವ ಹೀಟ್ ಪಂಪ್ ಇರುವುದು ಸುಮಾರು ಅದರ ಅರ್ಧ, ಆದರೆ ಬೆಲೆ ಜಾಸ್ತಿ. ಬೆಳಿಗ್ಗೆ ಬೇಗ ಒಗೆದು ಮಧ್ಯಾಹ್ನದ ಒಳಗೆ ತೆಗೆಯಿರಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಬರುವುದು ಹೆಚ್ಚಾಗಿ ಸಂಜೆ. ಮೆಷಿನ್‌ನಲ್ಲಿ ಇನ್ನೊಂದು ಸಲ ಸ್ಪಿನ್ ಮಾಡಿ, ಅದಕ್ಕೆ ಕರೆಂಟು ಬಹಳ ಕಮ್ಮಿ. ಒಳಗೆ ಒಣಗಿಸುವಾಗ ಬಟ್ಟೆ ಮಧ್ಯೆ ಒಂದು ಗೇಣು ಜಾಗ ಬಿಟ್ಟು ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ. ಮುಗ್ಗಲು ವಾಸನೆ ಬರುವುದು ಮಳೆಯಿಂದಲ್ಲ, ಒದ್ದೆ ಬಟ್ಟೆ ಮೆಷಿನ್‌ನಲ್ಲೇ ಗಂಟೆಗಟ್ಟಲೆ ಮುದುಡಿ ಕೂರುವುದರಿಂದ.

ಇಸ್ತ್ರಿ?

1000 ವ್ಯಾಟ್ ಪೆಟ್ಟಿಗೆ ಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್. ವಾರದ್ದು ಒಟ್ಟಿಗೆ ಮಾಡಿ, ಕೊನೆಯ ಎರಡು ಬಟ್ಟೆಗೆ ಸ್ವಿಚ್ ಆರಿಸಿ ಉಳಿದ ಬಿಸಿಯಲ್ಲೇ ಮುಗಿಸಿ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಜಾಡಿಸಿ ಒಣಹಾಕಿದರೆ ಮನೆಬಟ್ಟೆಗೆ ಇಸ್ತ್ರಿಯೇ ಬೇಡ.

ಗೃಹಜ್ಯೋತಿ ಇದೆ, ಕರೆಂಟು ಪುಕ್ಕಟೆ. ಉಳಿಸಿ ಏನು ಪ್ರಯೋಜನ?

2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ ತಿಂಗಳಿಗೆ 200 ಯೂನಿಟ್ ಪುಕ್ಕಟೆ ಸಿಗುವುದಿಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್. ದಿನಾ 60 ಡಿಗ್ರಿಯಲ್ಲಿ ಒಗೆಯುವುದು, ಮೇಲೆ ಡ್ರೈಯರ್ ಬೇರೆ ಅಂದರೆ ತಿಂಗಳ ಕೊನೆಗೆ ಆ ಗೆರೆ ದಾಟುವುದು ಸುಲಭ.

ತಾರಸಿ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಅದು ಗೊತ್ತುಮಾಡಿದ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000 ರೂಪಾಯಿ. ಹಾಕಿಸಿದವರು ಮೆಷಿನ್ ಓಡಿಸುವುದನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ ಇಟ್ಟುಕೊಳ್ಳಿ.

ಪಾಲಿಸ್ಟರ್ ಬಟ್ಟೆಯಿಂದ ಪ್ಲಾಸ್ಟಿಕ್ ನೀರಿಗೆ ಸೇರುತ್ತೆ ಅಂತಾರಲ್ಲ?

ಹೌದು. ಪ್ರತಿ ಸಲ ಒಗೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಬಿಡುತ್ತವೆ, ಕೆಲವನ್ನು ಶುದ್ಧೀಕರಣ ಘಟಕವೂ ಹಿಡಿಯಲಾರದು. ಮೆಷಿನ್ ತುಂಬ ಬಟ್ಟೆ, ತಣ್ಣೀರು, ಚಿಕ್ಕ ಕಾರ್ಯಕ್ರಮ ಇಟ್ಟರೆ ಎಳೆ ಬಿಡುವುದು ಕಮ್ಮಿ. ಫಿಲ್ಟರ್‌ನಲ್ಲಿ ಸಿಕ್ಕ ನಾರನ್ನು ಸಿಂಕ್‌ನಲ್ಲಿ ತೊಳೆಯಬೇಡಿ, ಕೈಯಲ್ಲಿ ತೆಗೆದು ಒಣ ಕಸಕ್ಕೆ ಹಾಕಿ. ನಮ್ಮ ಸೆಖೆಗೆ ಹತ್ತಿ ಬಟ್ಟೆಯೇ ಹಿತ, ಆ ಮಾತು ಬೇರೆ.

ಬಯೋ ಎಂಜೈಮ್ ಮಾಡಿ ಬಟ್ಟೆ ಒಗೆಯಬಹುದಾ?

ಬೆಲ್ಲ 1 ಪಾಲು, ನಿಂಬೆ ಕಿತ್ತಳೆ ಸಿಪ್ಪೆ 3 ಪಾಲು, ನೀರು 10 ಪಾಲು, ಮೂರು ತಿಂಗಳು ಹುಳಿಯಲು ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ, ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ಮಂಡ್ಯದವರಿಗೆ ಬೆಲ್ಲದ ಚಿಂತೆ ಇಲ್ಲ! ಕೊನೆಗೆ ಸಿಗುವುದು ಹುಳಿ ದ್ರವ, ವಿನೆಗರ್‌ನ ಹತ್ತಿರದ ನೆಂಟ. ನೆಲ ಒರೆಸಲು ಚೆನ್ನ. ಬಟ್ಟೆಗೆ ಕೊನೆಯ ಸಲ ಜಾಲಿಸುವಾಗ ಎರಡು ಚಮಚ ಹಾಕಿದರೆ ಸೋಪಿನ ಗಸಿ ಬಿಡುತ್ತದೆ, ಟವೆಲ್ ಮೆತ್ತಗಾಗುತ್ತದೆ. ಅಂಗಡಿಯ ಕಂಡಿಷನರ್ ಟವೆಲ್ ಮೇಲೆ ಪದರ ಕಟ್ಟಿ ನೀರು ಹೀರದ ಹಾಗೆ ಮಾಡುತ್ತದೆ, ಅದಕ್ಕಿಂತ ಇದು ವಾಸಿ. ಸೋಪಿನ ಬದಲಿಗೆ ಇದೊಂದರಲ್ಲೇ ಒಗೆಯುತ್ತೇನೆ ಅಂದರೆ ಆಗಲ್ಲ.

ಮೆಷಿನ್ನೇ ವಾಸನೆ ಬರುತ್ತಿದೆ. ಏನು ಮಾಡಲಿ?

ಪುಡಿ ಜಾಸ್ತಿ, ಬಾಗಿಲು ಮುಚ್ಚಿದ್ದು, ಬರೀ ತಣ್ಣೀರು. ಇವು ಮೂರೂ ಸೇರಿದರೆ ಒಳಗೆ ಲೋಳೆ ಕಟ್ಟುತ್ತದೆ. ಒಗೆದ ಮೇಲೆ ಬಾಗಿಲು ತೆರೆದಿಡಿ, ಫ್ರಂಟ್ ಲೋಡ್‌ನ ರಬ್ಬರ್ ಮಡಿಕೆಯನ್ನು ಬಟ್ಟೆಯಿಂದ ಒರೆಸಿ, ಪುಡಿ ಹಾಕುವ ಡ್ರಾಯರ್ ತೆಗೆದು ತೊಳೆಯಿರಿ. ತಿಂಗಳಿಗೊಮ್ಮೆ ಖಾಲಿ ಮೆಷಿನ್‌ಗೆ ನಾಲ್ಕೈದು ಚಮಚ ನಿಂಬೆ ಉಪ್ಪು ಹಾಕಿ ಬಿಸಿ ನೀರಿನಲ್ಲಿ ಒಮ್ಮೆ ಓಡಿಸಿ, ಲೋಳೆಯ ಜೊತೆ ಬೋರ್ ನೀರಿನ ಸುಣ್ಣವೂ ಕರಗುತ್ತದೆ. ಬಿಸಿ ನೀರಿಗೆ ಕರೆಂಟು ಖರ್ಚು ಮಾಡಲು ಇದು ಸರಿಯಾದ ಜಾಗ.

ಹಳೇ ಮೆಷಿನ್ ಗುಜರಿಗೆ ಹಾಕಬಹುದಾ?

ಬೀದಿಯ ಗುಜರಿಯವರು ಮೋಟರ್‌ನ ತಾಮ್ರ ತೆಗೆದುಕೊಂಡು ಉಳಿದದ್ದನ್ನು ಎಲ್ಲೋ ಎಸೆಯುವುದು, ವೈರ್ ಸುಡುವುದು ಮಾಮೂಲು. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್‌ನಲ್ಲಿ ಕೊಡಿ, ಅಥವಾ ಇ-ತ್ಯಾಜ್ಯ ಪರವಾನಗಿ ಇರುವವರಿಗೆ ಕೊಟ್ಟು ರಸೀದಿ ಕೇಳಿ. ಅದಕ್ಕೂ ಮುಂಚೆ ಪಕ್ಕದ ಬೀದಿಯ ರಿಪೇರಿಯವರನ್ನು ಒಮ್ಮೆ ಕರೆಸಿ ನೋಡಿ. ಬಹಳ ಸಲ ಹೋಗಿರುವುದು ಬೆಲ್ಟೋ, ಡ್ರೈನ್ ಪಂಪೋ ಆಗಿರುತ್ತದೆ.